ಒಂದೇ ಬೆಂಚು, ಒಂದು ಕಾನೂನು: ಕೆಂಟಕಿಯ ಬೆರಿಯಾ ಕಾಲೇಜಿನ ಕಥೆ

ಮುಹಮ್ಮದ್ ಅಲಿಯ ಹಳೆಯ ಹೆಸರು ಕ್ಯಾಶಿಯಸ್ ಕ್ಲೇ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. 1964ರಲ್ಲಿ ಸನ್ನಿ ಲಿಸ್ಟನ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ ಬೆನ್ನಿಗೇ ಅವರು ಆ ಹೆಸರನ್ನು ಕಳಚಿಟ್ಟರು. ಅದು ಗುಲಾಮಗಿರಿಯ ಹೆಸರು, ನನಗೆ ಬೇಡ ಎಂದರು. ಆದರೆ ಆ ಹೆಸರು ಅವರ ಮನೆಗೆ ಬಂದ ದಾರಿ ಸ್ವಲ್ಪ ವಿಚಿತ್ರವಾದುದು. ಅಲಿಯ ಅಜ್ಜ ಹರ್ಮನ್ ಕ್ಲೇ ತನ್ನ ಮಗನಿಗೆ ಕೆಂಟಕಿಯ ಒಬ್ಬ ಬಿಳಿಯ ಜಮೀನ್ದಾರನ ಹೆಸರಿಟ್ಟರು. ಆ ಜಮೀನ್ದಾರ ಗುಲಾಮಗಿರಿಯ ವಿರುದ್ಧ ಹೋರಾಡಿದ್ದ ಎಂಬ ಗೌರವದಿಂದ. ಆ ಮಗ ಅದೇ ಹೆಸರನ್ನು ತನ್ನ ಮಗನಿಗೂ ಇಟ್ಟ. ಹಾಗೆ ಬಂದ ಹೆಸರನ್ನು ಮೂರನೆಯ ತಲೆಮಾರು ಬಿಟ್ಟುಕೊಟ್ಟಿತು.

ನಾವು ಇಲ್ಲಿ ಹೇಳಹೊರಟಿರುವುದು ಅಲಿಯ ಕಥೆಯಲ್ಲ. ಹೆಸರು ಕೊಟ್ಟ ಆ ಜಮೀನ್ದಾರ ದಾನ ಮಾಡಿದ ಒಂದು ತುಂಡು ಕಾಡುಭೂಮಿಯ ಕಥೆ. ಅಲ್ಲಿ ಒಂದು ಶಾಲೆ ಹುಟ್ಟಿ ಕಾಲೇಜಾಯಿತು. ಗುಲಾಮಗಿರಿ ಇದ್ದ ರಾಜ್ಯದಲ್ಲೇ ನಿಂತು ಕರಿಯರನ್ನೂ ಬಿಳಿಯರನ್ನೂ, ಹುಡುಗರನ್ನೂ ಹುಡುಗಿಯರನ್ನೂ ಒಂದೇ ಕೊಠಡಿಯಲ್ಲಿ ಕೂರಿಸಲು ಹೊರಟ ಕಾಲೇಜು ಅದು. ಹೆಸರು ಬೆರಿಯಾ.

ಮೂಲ ಕ್ಯಾಶಿಯಸ್ ಮಾರ್ಸೆಲಸ್ ಕ್ಲೇ 1810ರಲ್ಲಿ ಕೆಂಟಕಿಯ ಮ್ಯಾಡಿಸನ್ ಕೌಂಟಿಯ ದೊಡ್ಡ ಶ್ರೀಮಂತರ ಮನೆಯಲ್ಲಿ ಹುಟ್ಟಿದವನು. ಯೇಲ್‌ನಲ್ಲಿ ಓದುತ್ತಿದ್ದಾಗ ವಿಲಿಯಂ ಲಾಯ್ಡ್ ಗ್ಯಾರಿಸನ್‌ನ ಭಾಷಣ ಕೇಳಿ ಗುಲಾಮಗಿರಿಯ ವಿರೋಧಿಯಾದ. 1845ರಲ್ಲಿ ಲೆಕ್ಸಿಂಗ್ಟನ್ ಪಟ್ಟಣದಲ್ಲಿ ಒಂದು ಪತ್ರಿಕೆ ತೆಗೆದ. ಕಚೇರಿಯ ಬಾಗಿಲಲ್ಲಿ ತೋಪುಗಳನ್ನಿಟ್ಟುಕೊಂಡು ಸಂಪಾದಕೀಯ ಬರೆದ. ಕೆಲವೇ ತಿಂಗಳಲ್ಲಿ ಊರಿನ ಗಣ್ಯರ ಗುಂಪು ಅವನ ಮುದ್ರಣಯಂತ್ರವನ್ನೇ ಬಿಚ್ಚಿ ನದಿಯಾಚೆಯ ಸಿನ್ಸಿನಾಟಿಗೆ ಸಾಗಿಸಿತು. ಧೈರ್ಯಕ್ಕೆ ಕೊರತೆಯಿರಲಿಲ್ಲ. ಆದರೆ ಅವನ ವಿರೋಧಕ್ಕೆ ಒಂದು ಎಲ್ಲೆ ಇತ್ತು. ಗುಲಾಮಗಿರಿ ಹಂತಹಂತವಾಗಿ, ಕಾನೂನಿನ ಮೂಲಕವೇ ಹೋಗಬೇಕು ಎಂಬುದು ಅವನ ನಿಲುವು.

ಈ ಕ್ಲೇ ತನ್ನ ಕೌಂಟಿಗೆ ಕರೆಸಿಕೊಂಡ ಪಾದ್ರಿಯೇ ಜಾನ್ ಗ್ರೆಗ್ ಫೀ. 1816ರಲ್ಲಿ ಕೆಂಟಕಿಯ ಬ್ರ್ಯಾಕನ್ ಕೌಂಟಿಯಲ್ಲಿ, ಗುಲಾಮರನ್ನಿಟ್ಟುಕೊಂಡಿದ್ದ ರೈತನ ಮಗನಾಗಿ ಹುಟ್ಟಿದವರು. ಸಿನ್ಸಿನಾಟಿಯ ಲೇನ್ ಧರ್ಮಶಾಸ್ತ್ರ ವಿದ್ಯಾಲಯದಲ್ಲಿ ಓದುತ್ತಿರುವಾಗ ಸಹಪಾಠಿಗಳ ಜೊತೆಗಿನ ವಾದ ಅವರನ್ನು ಬಿಡದೆ ಕಾಡಿತು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎನ್ನುವ ಧರ್ಮವನ್ನು ಬೋಧಿಸಲು ಹೊರಟವನ ಮನೆಯಲ್ಲಿ ಅದೇ ನೆರೆಯವನನ್ನು ಕೊಂಡು ಮಾರುತ್ತಾರೆ. ಕಾಲೇಜಿನ ಹತ್ತಿರದ ತೋಪಿನಲ್ಲಿ ಒಬ್ಬರೇ ಕೂತು ಪ್ರಾರ್ಥಿಸಿ, ಗುಲಾಮಗಿರಿಯ ವಿರೋಧಿಯಾಗಿ ಎದ್ದು ಬಂದರೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಊರಿಗೆ ಮರಳಿ ಮೊದಲು ಮಾತಾಡಿದ್ದು ತಂದೆಯ ಹತ್ತಿರ. ತಂದೆ ಒಪ್ಪಲಿಲ್ಲ.

1847ರಲ್ಲಿ ತಂದೆ ಮನೆಯ ಗುಲಾಮ ಹೆಂಗಸು ಜೂಲಿಯೆಟ್ ಮೈಲ್ಸ್‌ಳನ್ನು ಮಾರಲು ಹೊರಟರು. ಫೀ ಹಣ ಹೊಂದಿಸಿ ತಾವೇ ಅವಳನ್ನು ತಂದೆಯಿಂದ ಕೊಂಡು ಬಿಡುಗಡೆಯ ಪತ್ರ ಬರೆದುಕೊಟ್ಟರು. ತಂದೆಗೆ ಕೋಪ ಬಂತು, ಮಗನಿಗೆ ಆಸ್ತಿಯಲ್ಲಿ ಪಾಲಿಲ್ಲವೆಂದರು. ಜೂಲಿಯೆಟ್ ಓಹಾಯೋಗೆ ಹೋಗಿ ನೆಲೆಸಿದಳು. ಆದರೆ ಅವಳ ಮಕ್ಕಳು ಮೊಮ್ಮಕ್ಕಳು ಇನ್ನೂ ಫೀಯವರ ತಂದೆಯ ಆಸ್ತಿ. 1858ರಲ್ಲಿ ಅವರನ್ನು ಮಾರಲಾಗುತ್ತದೆಂಬ ಸುದ್ದಿ ತಿಳಿದು ಆಕೆ ಹಿಂದಕ್ಕೆ ಬಂದು, ಅವರನ್ನೆಲ್ಲ ಕರೆದುಕೊಂಡು ರಾತ್ರೋರಾತ್ರಿ ಹೊರಟಳು. ಓಹಾಯೋ ನದಿಯ ದಡದಲ್ಲಿ ಸಿಕ್ಕಿಬಿದ್ದಳು. ಮಕ್ಕಳನ್ನು ಮಾರಲಾಯಿತು. ಗುಲಾಮರನ್ನು ಓಡಿಸಿದ ಅಪರಾಧಕ್ಕೆ ಆಕೆಗೆ ಮೂರು ವರ್ಷದ ಶಿಕ್ಷೆಯಾಯಿತು. ಅವಳು ಜೈಲಿನಲ್ಲೇ ಸತ್ತಳು. ಬೆರಿಯಾದ ಸ್ಥಾಪಕರ ಹೆಸರುಗಳನ್ನು ಬರೆಯುವಾಗ ಸಾಮಾನ್ಯವಾಗಿ ಯಾರೂ ಜೂಲಿಯೆಟ್‌ಳ ಹೆಸರನ್ನು ಸೇರಿಸುವುದಿಲ್ಲ. ನಮಗೆ ಮಾತ್ರ ಸೇರಿಸಬೇಕೆನಿಸುತ್ತದೆ.

ಕ್ಲೇ ಕೊಟ್ಟ ಜಾಗ ಹತ್ತು ಎಕರೆ. ಮ್ಯಾಡಿಸನ್ ಕೌಂಟಿಯ ದಕ್ಷಿಣದ ತುದಿ. ಉತ್ತರಕ್ಕೆ ಗುಲಾಮರು ದುಡಿಯುವ ಸಮೃದ್ಧ ಬಯಲು. ದಕ್ಷಿಣಕ್ಕೆ ಅಪಲಾಚಿಯನ್ ಬೆಟ್ಟಸಾಲು. ಬೆಟ್ಟದ ಬಿಳಿಯರು ಬಡವರು, ಗುಲಾಮರನ್ನು ಕೊಳ್ಳುವ ಶಕ್ತಿಯೂ ಇಲ್ಲ, ಹಾಗಾಗಿ ಗುಲಾಮಗಿರಿಯ ಮೇಲೆ ಅಷ್ಟೇನೂ ಮೋಹವೂ ಇಲ್ಲ. ಇಂಥವರ ನಡುವೆ ಗುಲಾಮಗಿರಿಯನ್ನು ಒಪ್ಪದ ಒಂದು ಪುಟ್ಟ ಸಮುದಾಯ ಬೇರೂರಬಹುದು ಎಂಬುದು ಕ್ಲೇಯ ಲೆಕ್ಕ. ಫೀ ಅಲ್ಲಿ ಮನೆ ಕಟ್ಟಿದರು. ಬೈಬಲಿನಲ್ಲಿ ಬರುವ, ಹೊಸ ಮಾತನ್ನು ತೆರೆದ ಮನಸ್ಸಿನಿಂದ ಕೇಳಿ ಪರೀಕ್ಷಿಸಿದ ಜನರ ಊರಿನ ಹೆಸರನ್ನೇ ಆ ಜಾಗಕ್ಕೆ ಇಟ್ಟರು. 1855ರಲ್ಲಿ ಒಂದೇ ಕೋಣೆಯ ಶಾಲೆ ಆರಂಭವಾಯಿತು. ವಾರದ ದಿನಗಳಲ್ಲಿ ಶಾಲೆ, ಭಾನುವಾರ ಚರ್ಚು.

ಮರುವರ್ಷವೇ ಇಬ್ಬರೂ ಬೇರೆಯಾದರು. 1856ರ ಜುಲೈ 4ರ ಸ್ವಾತಂತ್ರ್ಯ ದಿನದ ಸಭೆಯಲ್ಲಿ ಫೀ, ದೇವರ ನ್ಯಾಯಕ್ಕೆ ವಿರುದ್ಧವಾದ ಕಾನೂನು ಕಾನೂನೇ ಅಲ್ಲ, ಅದನ್ನು ಪಾಲಿಸಬೇಕಾಗಿಲ್ಲ ಎಂದರು. ಕ್ಲೇ ಅದೇ ವೇದಿಕೆಯಲ್ಲಿ ಅದನ್ನು ಖಂಡಿಸಿ, ಇದು ಬಂಡಾಯದ ಮಾತು, ಕಾನೂನು ಇರುವವರೆಗೆ ಪಾಲಿಸಲೇಬೇಕು ಎಂದ. ಅಂದಿನಿಂದ ಅವನ ಆಶ್ರಯ ತಪ್ಪಿತು. ಕ್ಲೇಯ ನೆರಳಿಗೆ ಹೆದರಿ ಸುಮ್ಮನಿದ್ದವರ ಕೈಗೆ ಈಗ ಧೈರ್ಯ ಬಂತು. ಫೀಯವರ ಮೇಲೆ ಮತ್ತೆ ಮತ್ತೆ ಹಲ್ಲೆಗಳಾದವು. ಕಾನೂನನ್ನು ಪಾಲಿಸಬೇಕೇ ಎಂಬ ಈ ಜಗಳ ಐವತ್ತು ವರ್ಷಗಳ ನಂತರ ಅದೇ ಕಾಲೇಜಿನ ಬಾಗಿಲಿಗೆ ಬಂದು ನಿಂತಿತು. ಆಗ ಉತ್ತರಿಸಲು ಫೀ ಇರಲಿಲ್ಲ.

1858ರಲ್ಲಿ ಜಾನ್ ರೋಜರ್ಸ್ ಎಂಬ ಯುವ ಅಧ್ಯಾಪಕರು ಪತ್ನಿಯೊಂದಿಗೆ ಬಂದು ಸೇರಿದರು. ಅವರು ಕಲಿತದ್ದು ಓಹಾಯೋದ ಓಬರ್ಲಿನ್ ಕಾಲೇಜಿನಲ್ಲಿ. ಕರಿಯರಿಗೂ ಹೆಣ್ಣುಮಕ್ಕಳಿಗೂ ಬಾಗಿಲು ತೆರೆದ ಕಾಲೇಜು ಅದು. ಆದರೆ ಅದಿದ್ದದ್ದು ಗುಲಾಮಗಿರಿಯಿಲ್ಲದ ರಾಜ್ಯದಲ್ಲಿ. ಬೆರಿಯಾ ಗುಲಾಮರ ರಾಜ್ಯದಲ್ಲಿ ಓಬರ್ಲಿನ್ ಆಗಬೇಕು ಎಂಬ ಆಸೆ. 1859ರಲ್ಲಿ ಕಾಲೇಜಿನ ನಿಯಮಾವಳಿ ಬರೆದರು. ಅದರಲ್ಲೊಂದು ವಾಕ್ಯದ ಸಾರ ಹೀಗಿದೆ: ಈ ಕಾಲೇಜು ಅಪ್ಪಟ ಕ್ರೈಸ್ತ ಪ್ರಭಾವದಲ್ಲಿರುತ್ತದೆ, ಕ್ರೈಸ್ತವಾದುದರಿಂದಲೇ ಪಂಥಭೇದವನ್ನೂ, ಗುಲಾಮಗಿರಿಯನ್ನೂ, ಜಾತಿಯನ್ನೂ, ಇಂಥ ಇತರ ಎಲ್ಲ ಕೆಟ್ಟ ಪದ್ಧತಿಗಳನ್ನೂ ವಿರೋಧಿಸುತ್ತದೆ. ಇಲ್ಲಿ 'ವರ್ಣ' ಎಂದಿಲ್ಲ, 'ಕಾಸ್ಟ್' ಎಂದೇ ಬರೆದಿದ್ದಾರೆ. ಪೋರ್ಚುಗೀಸರ ಬಾಯಿಂದ ನಮ್ಮ ದೇಶದ ಸಮಾಜಕ್ಕೆ ಅಂಟಿಕೊಂಡ ಆ ಪದ ಸಮುದ್ರ ದಾಟಿ ಹೋಗಿ ಅಮೆರಿಕದ ಬಿಳಿ-ಕರಿ ಭೇದಕ್ಕೆ ಹೆಸರಾಗಿತ್ತು. ಫೀಯಂಥವರಿಗೆ ಗುಲಾಮಗಿರಿ ಒಂದು ರೋಗವಾದರೆ, ಜಾತಿ ಅದರ ಬೇರು. ಗುಲಾಮ ಬಿಡುಗಡೆಯಾದ ಮೇಲೂ ಅವನ ಪಕ್ಕದಲ್ಲಿ ಕೂರಲು ಹಿಂಜರಿಯುವ ಮನಸ್ಸು ಹಾಗೆಯೇ ಉಳಿದರೆ ಬಿಡುಗಡೆಗೆ ಅರ್ಥವಿಲ್ಲ ಎಂದು ಅವರು ವಾದಿಸುತ್ತಿದ್ದರು. ಜ್ಯೋತಿಬಾ ಫುಲೆ 1873ರಲ್ಲಿ ತಮ್ಮ 'ಗುಲಾಮಗಿರಿ' ಪುಸ್ತಕವನ್ನು ಗುಲಾಮರ ಬಿಡುಗಡೆಗಾಗಿ ದುಡಿದ ಅಮೆರಿಕದ ಜನರಿಗೆ ಅರ್ಪಿಸಿದಾಗ ಅವರ ಕಣ್ಣ ಮುಂದೆ ಇದ್ದದ್ದು ಇಂಥವರೇ. ಬೆರಿಯಾದ ಮೊದಲ ಪದವೀಧರರು ಹೊರಬಂದದ್ದೂ ಅದೇ ವರ್ಷ.

ಆದರೆ ನಿಯಮಾವಳಿಯ ಶಾಯಿ ಒಣಗುವ ಮುನ್ನವೇ ಊರು ಬಿಡಬೇಕಾಯಿತು. 1859ರ ಅಕ್ಟೋಬರ್‌ನಲ್ಲಿ ಜಾನ್ ಬ್ರೌನ್ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ದಾಳಿ ಮಾಡಿದ. ಆಗ ಫೀ ಪೂರ್ವ ರಾಜ್ಯಗಳಲ್ಲಿ ಚಂದಾ ಎತ್ತುತ್ತಿದ್ದರು. ಬ್ರೂಕ್ಲಿನ್‌ನ ಚರ್ಚೊಂದರಲ್ಲಿ ಮಾತಾಡುತ್ತಾ, ನಮಗೆ ಇನ್ನಷ್ಟು ಜಾನ್ ಬ್ರೌನ್‌ಗಳು ಬೇಕು, ಅವನ ಖಡ್ಗಕ್ಕಾಗಿಯಲ್ಲ, ಅವನ ತ್ಯಾಗಕ್ಕಾಗಿ ಎಂಬರ್ಥದ ಮಾತಾಡಿದರು. ಕೆಂಟಕಿಯ ಪತ್ರಿಕೆಗಳಿಗೆ ಮುಟ್ಟಿದ್ದು ವಾಕ್ಯದ ಮೊದಲರ್ಧ ಮಾತ್ರ. ಪತ್ರಿಕೆಗಳ ಈ ಕತ್ತರಿ ಪ್ರಯೋಗ ಇಂದು ನಿನ್ನೆಯದಲ್ಲ ನೋಡಿ. ಡಿಸೆಂಬರ್ 23ರಂದು ಸುಮಾರು 60 ಮಂದಿ ಕುದುರೆ ಸವಾರರು ಶಸ್ತ್ರ ಹಿಡಿದು ಬೆರಿಯಾಕ್ಕೆ ಬಂದರು. ಎಲ್ಲರೂ ಕೌಂಟಿಯ ಪ್ರತಿಷ್ಠಿತರು. ಹತ್ತು ದಿನದೊಳಗೆ ಊರು ಬಿಡಿ ಎಂದು ರೋಜರ್ಸ್ ಮತ್ತಿತರರ ಮನೆಬಾಗಿಲಿಗೆ ಹೋಗಿ ಹೇಳಿದರು. ರಾಜ್ಯಪಾಲರಿಗೆ ಮನವಿ ಹೋಯಿತು. ರಕ್ಷಣೆ ಕೊಡಲಾರೆನೆಂದು ಅವರು ಕೈಚೆಲ್ಲಿದರು. ಕ್ರಿಸ್ಮಸ್ ಕಳೆದ ಚಳಿಯಲ್ಲಿ ಮಕ್ಕಳುಮರಿಗಳೊಂದಿಗೆ ಕುಟುಂಬಗಳು ಸಿನ್ಸಿನಾಟಿಯ ದಾರಿ ಹಿಡಿದವು.

ಅಂತರ್ಯುದ್ಧ ಬಂತು. ಕೆಂಟಕಿಯಲ್ಲಿ ಕ್ಯಾಂಪ್ ನೆಲ್ಸನ್ ಎಂಬ ಸೇನಾ ಶಿಬಿರವಿತ್ತು. ಸೈನ್ಯಕ್ಕೆ ಸೇರಿದ ಗುಲಾಮನಿಗೆ ಬಿಡುಗಡೆ ಎಂಬ ನಿಯಮದಿಂದಾಗಿ ಸಾವಿರಾರು ಕರಿಯರು ಅಲ್ಲಿಗೆ ಓಡಿಬಂದರು. 1864ರಲ್ಲಿ ಫೀ ಅಲ್ಲಿಗೆ ಹೋಗಿ ಅವರಿಗೆ ಅಕ್ಷರ ಕಲಿಸತೊಡಗಿದರು. ಸೈನಿಕರ ಹಿಂದೆಯೇ ಬಂದಿದ್ದ ಹೆಂಡಿರು ಮಕ್ಕಳಿಗೆ ಮಾತ್ರ ಬಿಡುಗಡೆ ಇರಲಿಲ್ಲ. ಅದೇ ವರ್ಷದ ನವೆಂಬರ್‌ನ ಕೊರೆಯುವ ಚಳಿಯಲ್ಲಿ ಶಿಬಿರದ ಅಧಿಕಾರಿ ಸುಮಾರು 400 ಮಂದಿ ಹೆಂಗಸರು ಮಕ್ಕಳನ್ನು ಬಂಡಿಗೆ ತುಂಬಿ ಹೊರಗೆ ಹಾಕಿಸಿದ, ಗುಡಿಸಲುಗಳನ್ನು ಕೆಡವಿಸಿದ. ನೂರರಷ್ಟು ಜನ ಸತ್ತರು. ಸುದ್ದಿ ವಾಷಿಂಗ್ಟನ್‌ಗೆ ಮುಟ್ಟಿ ಗದ್ದಲವಾಯಿತು, ಮುಂದೆ ಸೈನಿಕರ ಕುಟುಂಬಗಳಿಗೂ ಬಿಡುಗಡೆ ಕೊಡುವ ಕಾನೂನು ಬಂತು. ಆ ಶಿಬಿರದಲ್ಲೇ ಫೀ, ಆಂಗಸ್ ಬರ್ಲೀ ಎಂಬ ಕಪ್ಪು ಸೈನಿಕನನ್ನು ಕಂಡು, ಸೈನ್ಯದಿಂದ ಬಿಟ್ಟ ಮೇಲೆ ಬೆರಿಯಾಕ್ಕೆ ಬಾ ಎಂದರು. ಬರ್ಲೀ ಹೋದ. 1875ರಲ್ಲಿ ಪದವಿ ಪಡೆದ.

1866ರಲ್ಲಿ ಶಾಲೆ ಮತ್ತೆ ತೆರೆಯಿತು. ಮೊದಲ ಕರಿಯ ಮಕ್ಕಳು ಒಳಗೆ ಕಾಲಿಟ್ಟ ದಿನ ಬಿಳಿಯ ವಿದ್ಯಾರ್ಥಿಗಳಲ್ಲಿ ಹಲವರು ಎದ್ದು ಹೊರನಡೆದರು. ಶಾಲೆ ಅವರನ್ನು ಬೇಡಿಕೊಳ್ಳಲೂ ಇಲ್ಲ, ಬೇರೆ ಬೆಂಚು ಹಾಕಲೂ ಇಲ್ಲ. ಆ ವರ್ಷದ ಪಟ್ಟಿಯಲ್ಲಿ 187 ವಿದ್ಯಾರ್ಥಿಗಳು: 96 ಕರಿಯರು, 91 ಬಿಳಿಯರು. ಗುಲಾಮಗಿರಿ ಕಾನೂನಿನಿಂದ ಅಳಿದು ವರ್ಷ ಕಳೆದಿರಲಿಲ್ಲ. ಗುಲಾಮರನ್ನಿಟ್ಟುಕೊಳ್ಳಲೆಂದು ಹೋರಾಡಿದ ಸೈನಿಕನ ತಮ್ಮ ಮತ್ತು ಗುಲಾಮನ ಮಗಳು ಒಂದೇ ಪುಸ್ತಕ ನೋಡಿ ಓದುವ ದೃಶ್ಯ ಆ ನಾಡಿನಲ್ಲಿ ಎಷ್ಟು ಅಸಾಧ್ಯವಾಗಿತ್ತೆಂದು ಊಹಿಸಿದರೆ ಈ ಸಂಖ್ಯೆಗಳ ಬೆಲೆ ತಿಳಿದೀತು.

ತರಗತಿಯ ಹೊರಗೂ ಫೀ ಇದನ್ನೇ ಮಾಡಿದರು. ಊರಿನ ಸುತ್ತ ಭೂಮಿ ಕೊಂಡು ನಿವೇಶನ ಮಾಡಿ, ಕರಿಯರ ಮನೆಗಳು ಬಿಳಿಯರ ಮನೆಗಳ ನಡುನಡುವೆ ಬರುವಂತೆ ಮಾರಿದರು. ಕರಿಯರ ಕೇರಿ ಎಂಬುದೊಂದು ಬೇರೆಯಾಗಿ ಹುಟ್ಟಬಾರದು ಎಂಬುದೇ ಉದ್ದೇಶ. ಜೂಲಿಯಾ ಬ್ರಿಟನ್ ಎಂಬ ಕಪ್ಪು ಹೆಣ್ಣುಮಗಳು 1870ರ ಸುಮಾರಿಗೆ ಇಲ್ಲಿ ಸಂಗೀತ ಕಲಿಸಿದಳು, ಬಿಳಿಯ ಮಕ್ಕಳಿಗೂ. 1872ರಲ್ಲಿ ಇನ್ನೊಂದು ಪ್ರಶ್ನೆ ಬಂತು. ಕರಿಯ ಹುಡುಗ ಬಿಳಿಯ ಹುಡುಗಿ ಸ್ನೇಹ ಬೆಳೆಸಿದರೆ ಏನು ಮಾಡುವುದು? ಆಡಳಿತ ಮಂಡಳಿ ಕೂತು ಚರ್ಚಿಸಿ, ಬಣ್ಣದ ಕಾರಣಕ್ಕೆ ಮಾತ್ರ ಅದನ್ನು ನಿಷೇಧಿಸುವುದಿಲ್ಲ ಎಂಬ ನಿಲುವಿಗೆ ಬಂತು. ಆ ಕಾಲದಲ್ಲಿ ದಕ್ಷಿಣದ ಬೇರೆ ಯಾವ ಊರಿನಲ್ಲಾದರೂ ಇಂಥ ಮಾತಾಡಿದವರ ಮನೆ ಸುಟ್ಟುಹೋಗುತ್ತಿತ್ತು. ಇದು ಸುಮಾರು ಕಾಲು ಶತಮಾನ ನಡೆಯಿತು. ಯಾವ ದೊಡ್ಡ ಗಲಭೆಯೂ ಆಗಲಿಲ್ಲ. ಇಬ್ಬರನ್ನು ಜೊತೆಗೆ ಕೂರಿಸಿದರೆ ಅನಾಹುತವಾಗುತ್ತದೆ ಎನ್ನುವವರಿಗೆ ಬೆರಿಯಾ ಒಂದು ಕಿರಿಕಿರಿಯಾಗಿ ಉಳಿದದ್ದು ಇದೇ ಕಾರಣಕ್ಕೆ.

1892ರಲ್ಲಿ ವಿಲಿಯಂ ಗುಡೆಲ್ ಫ್ರಾಸ್ಟ್ ಅಧ್ಯಕ್ಷರಾಗಿ ಬಂದರು. ಕಾಲೇಜಿಗೆ ಹಣವಿಲ್ಲ. ಫ್ರಾಸ್ಟ್ ಶಕ್ತಿವಂತ, ಮಾತುಗಾರ, ಚಂದಾ ಎತ್ತುವುದರಲ್ಲಿ ನಿಪುಣ. ಬೋಧನಾ ಶುಲ್ಕವನ್ನು ಪೂರ್ತಿ ಕೈಬಿಟ್ಟದ್ದು ಅದೇ ವರ್ಷ. ಅಂದಿನಿಂದ ಇಂದಿನವರೆಗೆ ಬೆರಿಯಾ ಯಾವ ವಿದ್ಯಾರ್ಥಿಯಿಂದಲೂ ಬೋಧನಾ ಶುಲ್ಕ ಪಡೆದಿಲ್ಲ. (ಸ್ಥಾಪಕನ ಹೆಸರು ಫೀ, ಕಾಲೇಜಿನಲ್ಲಿ ಫೀ ಇಲ್ಲ ಎಂದು ಕನ್ನಡದಲ್ಲಿ ತಮಾಷೆ ಮಾಡಬಹುದು.) ಬದಲಿಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಕಾಲೇಜಿನಲ್ಲೇ ದುಡಿಯಬೇಕು. ಹೊಲ, ಅಡುಗೆಮನೆ, ಮರಗೆಲಸ, ಪೊರಕೆ ಕಟ್ಟುವುದು, ನೇಯ್ಗೆ. ಬೆಟ್ಟದ ತಾಯಂದಿರು ಮಗನ ಖರ್ಚಿಗೆಂದು ಮನೆಯಲ್ಲಿ ನೇಯ್ದ ಹೊದಿಕೆಗಳನ್ನು ತಂದುಕೊಡುತ್ತಿದ್ದರು. ಫ್ರಾಸ್ಟ್ ಅವನ್ನು ಪೂರ್ವದ ಶ್ರೀಮಂತರಿಗೆ ಮಾರುತ್ತಿದ್ದರು. ಕಾಲೇಜಿನ ಕರಕುಶಲ ಉದ್ಯಮ ಬೆಳೆದದ್ದು ಹಾಗೆ.

ಆದರೆ ಪೂರ್ವದ ಶ್ರೀಮಂತರಿಗೆ ಕರಿಯರ ಕಥೆ ಹಳತಾಗಿತ್ತು. ಫ್ರಾಸ್ಟ್ ಹೊಸ ಕಥೆ ಹೇಳಿದರು: ಅಪಲಾಚಿಯನ್ ಬೆಟ್ಟಗಳಲ್ಲಿ ಲಕ್ಷಾಂತರ ಬಡ ಬಿಳಿಯರಿದ್ದಾರೆ, ಹಳೆಯ ಅಮೆರಿಕದ ಶುದ್ಧ ಸಂತಾನ, ಶಿಕ್ಷಣವಿಲ್ಲದೆ ಕಾಲ ಅವರನ್ನು ಹಿಂದೆ ಬಿಟ್ಟುಹೋಗಿದೆ. 1899ರಲ್ಲಿ ಅವರನ್ನು ನಮ್ಮ ಸಮಕಾಲೀನ ಪೂರ್ವಜರು ಎಂದು ಕರೆದು ಒಂದು ಪ್ರಸಿದ್ಧ ಲೇಖನವನ್ನೂ ಬರೆದರು. ಹಣ ಹರಿದುಬಂತು. ಬೆಟ್ಟದ ಬಿಳಿಯ ಮಕ್ಕಳು ನೂರುಗಟ್ಟಲೆ ಬಂದರು. ಆ ಮಕ್ಕಳ ಬಡತನ ನಿಜವಾದುದೇ, ಅವರಿಗೆ ಶಾಲೆ ಬೇಕಿದ್ದುದೂ ನಿಜವೇ. ಆದರೆ ಅರ್ಧಕ್ಕರ್ಧವಿದ್ದ ಕರಿಯ ವಿದ್ಯಾರ್ಥಿಗಳ ಪಾಲು ಹತ್ತೇ ವರ್ಷದಲ್ಲಿ ಐದರಲ್ಲಿ ಒಂದಕ್ಕಿಂತಲೂ ಕೆಳಗಿಳಿಯಿತು. ಕರಿಯ ಪದವೀಧರರು ಪ್ರತಿಭಟಿಸಿದರು. ಕರಿಯರಿಗೆ ಪ್ರಾಧ್ಯಾಪಕ ಹುದ್ದೆ ಏಕಿಲ್ಲ ಎಂದು ಕೇಳಿದರು. ದೇಶದ ಬಹುಸಂಖ್ಯೆ ಬಿಳಿಯರದಾಗಿರುವಾಗ ಕಾಲೇಜಿನಲ್ಲೂ ಹಾಗೆಯೇ ಇರುವುದು ಸಹಜ ಎಂಬ ಧಾಟಿಯಲ್ಲಿ ಫ್ರಾಸ್ಟ್ ಸಮರ್ಥಿಸಿಕೊಂಡರು. 'ಸಹಜ' ಎಂಬ ಪದವನ್ನು ನಾವು ಎಲ್ಲೆಲ್ಲಿ ಕೇಳಿದ್ದೇವೆಂದು ಓದುಗರು ತಾವೇ ನೆನಪಿಸಿಕೊಳ್ಳಲಿ. ಹೊರಗಿನವರು ಬಾಗಿಲು ಮುಚ್ಚುವ ಮುನ್ನ ಒಳಗಿನವರೇ ಅದನ್ನು ಅರ್ಧ ಎಳೆದಿದ್ದರು ಎಂದೇ ನಮಗೆ ಕಾಣುತ್ತದೆ.

ಫೀ 1901ರಲ್ಲಿ ತೀರಿಕೊಂಡರು. 1903ರಲ್ಲಿ ಕಾರ್ಟರ್ ವುಡ್ಸನ್ ಎಂಬ ಕರಿಯ ತರುಣ, ಕಲ್ಲಿದ್ದಲ ಗಣಿಯಲ್ಲಿ ದುಡಿದು ತಡವಾಗಿ ಓದಲು ಬಂದವನು, ಇಲ್ಲಿಂದ ಪದವಿ ಪಡೆದ. ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು ಇತಿಹಾಸಕಾರನಾದ. ಅಮೆರಿಕದಲ್ಲಿ ಪ್ರತಿ ಫೆಬ್ರವರಿಯಲ್ಲಿ ನಡೆಯುವ ಕರಿಯರ ಇತಿಹಾಸ ಮಾಸಾಚರಣೆ, ಆತ 1926ರಲ್ಲಿ ಆರಂಭಿಸಿದ ಸಪ್ತಾಹದಿಂದ ಬೆಳೆದದ್ದು. ಆತ ಒಂದೆರಡು ವರ್ಷ ತಡ ಮಾಡಿದ್ದರೆ ಬೆರಿಯಾದ ಪದವಿ ಅವನಿಗೆ ಸಿಗುತ್ತಿರಲಿಲ್ಲ.

ಏಕೆಂದರೆ 1904ರ ಜನವರಿಯಲ್ಲಿ ಕಾರ್ಲ್ ಡೇ ಎಂಬ ಶಾಸಕ ಕೆಂಟಕಿಯ ವಿಧಾನಸಭೆಯಲ್ಲಿ ಒಂದು ಮಸೂದೆ ಮಂಡಿಸಿದ. ಕರಿಯರೂ ಬಿಳಿಯರೂ ಕೂಡಿ ಕಲಿಯುವ ಸಂಸ್ಥೆಗೆ 1000 ಡಾಲರ್ ದಂಡ, ಮುಂದುವರಿಸಿದರೆ ದಿನಕ್ಕೆ 100 ಡಾಲರ್. ಅಂಥಲ್ಲಿ ಕಲಿಸುವ ಅಧ್ಯಾಪಕನಿಗೂ ದಂಡ. ಕಲಿಯುವ ವಿದ್ಯಾರ್ಥಿಗೂ ದಿನಕ್ಕೆ 50 ಡಾಲರ್. ಒಂದೇ ಸಂಸ್ಥೆ ಇಬ್ಬರಿಗೂ ಕಲಿಸಲೇಬೇಕೆಂದಿದ್ದರೆ ಎರಡು ಶಾಖೆಗಳ ನಡುವೆ ಕನಿಷ್ಠ 25 ಮೈಲಿ ಅಂತರವಿರಬೇಕು! ಮಸೂದೆಯಲ್ಲಿ ಬೆರಿಯಾದ ಹೆಸರಿರಲಿಲ್ಲ. ಇರಬೇಕಾಗಿಯೂ ಇರಲಿಲ್ಲ, ರಾಜ್ಯದಲ್ಲಿ ಅಂಥ ಕಾಲೇಜು ಅದೊಂದೇ. ಫ್ರಾಸ್ಟ್ ವಿರೋಧಿಸಿ ವಾದಿಸಿದರು. ಭಾರೀ ಬಹುಮತದಿಂದ ಮಸೂದೆ ಪಾಸಾಯಿತು, ಮಾರ್ಚ್‌ನಲ್ಲಿ ರಾಜ್ಯಪಾಲರ ಸಹಿ ಬಿತ್ತು.

ಕಾಲೇಜು ನ್ಯಾಯಾಲಯಕ್ಕೆ ಹೋಯಿತು. ಕೆಳಗಿನ ನ್ಯಾಯಾಲಯ 1000 ಡಾಲರ್ ದಂಡ ಹಾಕಿತು. ರಾಜ್ಯದ ಮೇಲ್ಮನವಿ ನ್ಯಾಯಾಲಯ 25 ಮೈಲಿಯ ಷರತ್ತನ್ನು ಮಾತ್ರ ಅತಿಯಾಯಿತೆಂದು ತೆಗೆದುಹಾಕಿ ಉಳಿದುದನ್ನು ಎತ್ತಿಹಿಡಿಯಿತು. 1908ರ ನವೆಂಬರ್ 9ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಏಳು ನ್ಯಾಯಾಧೀಶರು ಕಾನೂನಿನ ಪರ, ಇಬ್ಬರು ವಿರುದ್ಧ. ಬಹುಮತದ ತೀರ್ಪು ಬರೆದವರು ಡೇವಿಡ್ ಬ್ರೂವರ್. ಮಿಷನರಿ ದಂಪತಿಯ ಮಗನಾಗಿ ಉಸ್ಮಾನಿ ಸಾಮ್ರಾಜ್ಯದ ಸ್ಮಿರ್ನಾದಲ್ಲಿ, ಅಂದರೆ ಈಗಿನ ಇಜ್ಮಿರ್‌ನಲ್ಲಿ ಹುಟ್ಟಿದವರು. ಅವರು ಜಾಣ್ಮೆಯ ದಾರಿ ಹಿಡಿದರು. ಬಿಳಿಯರನ್ನೂ ಕರಿಯರನ್ನೂ ಬೇರ್ಪಡಿಸುವುದು ಸರಿಯೇ ತಪ್ಪೇ ಎಂಬ ಪ್ರಶ್ನೆಯನ್ನು ಮುಟ್ಟಲೇ ಇಲ್ಲ. ಕಾಲೇಜು ಒಂದು ನೋಂದಾಯಿತ ಸಂಸ್ಥೆ, ಅದನ್ನು ಹುಟ್ಟಿಸಿದ್ದು ರಾಜ್ಯ, ಹುಟ್ಟಿಸಿದವರಿಗೆ ಅದರ ಸನ್ನದನ್ನು ತಿದ್ದುವ ಅಧಿಕಾರವಿದೆ, ಅಷ್ಟೇ ಎಂದರು.

ಭಿನ್ನಮತ ಬರೆದದ್ದು ಜಾನ್ ಮಾರ್ಷಲ್ ಹಾರ್ಲನ್. ಕೆಂಟಕಿಯವರು, ಗುಲಾಮರನ್ನಿಟ್ಟುಕೊಂಡಿದ್ದ ಮನೆತನದವರು. 1896ರಲ್ಲಿ ರೈಲಿನ ಬೋಗಿಗಳನ್ನು ಬಣ್ಣದ ಮೇಲೆ ಬೇರ್ಪಡಿಸುವ ಕಾನೂನನ್ನು ಉಳಿದವರೆಲ್ಲ ಒಪ್ಪಿದಾಗ ಒಬ್ಬರೇ ನಿಂತು ವಿರೋಧಿಸಿದ್ದವರು. ಅವರ ಪ್ರಶ್ನೆ ನೇರವಾಗಿತ್ತು. ತಮ್ಮ ಇಚ್ಛೆಯಿಂದ, ಯಾರಿಗೂ ಕೇಡಿಲ್ಲದ ಕೆಲಸಕ್ಕಾಗಿ, ಖಾಸಗಿ ಸಂಸ್ಥೆಯೊಂದರಲ್ಲಿ ಕೂಡಿದ ಪ್ರಜೆಗಳನ್ನು ಬಣ್ಣ ನೋಡಿ ಬೇರ್ಪಡಿಸುವ ಅಧಿಕಾರ ಸರಕಾರಕ್ಕಿದೆ ಎಂದಾದರೆ, ನಾಳೆ ಇದೇ ಸರಕಾರ ಅವರು ಒಂದೇ ಚರ್ಚಿನಲ್ಲಿ ಪ್ರಾರ್ಥಿಸುವುದನ್ನೂ, ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುವುದನ್ನೂ ತಡೆಯಬಹುದಲ್ಲವೇ? ಸರಕಾರಿ ಶಾಲೆಯ ಪ್ರಶ್ನೆ ಅವರ ಮುಂದಿರಲಿಲ್ಲ, ಅದನ್ನು ಅವರು ಬದಿಗಿಟ್ಟರು ಎಂಬುದನ್ನೂ ಹೇಳಬೇಕು. ಆದರೂ ತೀರ್ಪಿನ ನಿಜವಾದ ವಿಷಯ ಯಾವುದೆಂದು ಹೇಳಿದ್ದು ಅವರೊಬ್ಬರೇ.

ಈಗ ನಾವು ತಡೆದು ನಿಲ್ಲಬೇಕಾದ ಜಾಗಕ್ಕೆ ಬಂದೆವು. ಡೇ ಕಾನೂನನ್ನು ಇನ್ನೊಮ್ಮೆ ಓದಿ ನೋಡಿ. ಇಬ್ಬರೂ ಒಟ್ಟಿಗಿರಬಾರದು ಎಂದು ಅದು ಹೇಳಿತು. ಯಾರು ಉಳಿಯಬೇಕು, ಯಾರು ಹೋಗಬೇಕು ಎಂದು ಹೇಳಲಿಲ್ಲ. ಅದನ್ನು ತೀರ್ಮಾನಿಸಿದ್ದು ಕಾಲೇಜು. 1904ರ ಶರತ್ಕಾಲದಲ್ಲಿ ತರಗತಿಗಳು ಆರಂಭವಾದಾಗ ಬೆಂಚುಗಳಲ್ಲಿ ಬಿಳಿಯರು ಮಾತ್ರ ಇದ್ದರು. ಕರಿಯ ವಿದ್ಯಾರ್ಥಿಗಳಿಗೆ ಫಿಸ್ಕ್ ಮೊದಲಾದ ಕರಿಯರ ಕಾಲೇಜುಗಳಿಗೆ ಹೋಗಲು ಬೆರಿಯಾ ಪ್ರಯಾಣದ ಖರ್ಚು ಕೊಟ್ಟಿತು. ಬಿಳಿಯ ವಿದ್ಯಾರ್ಥಿಗಳು ವ್ಯಥೆ ವ್ಯಕ್ತಪಡಿಸಿ ತಮ್ಮ ಸಹಪಾಠಿಗಳಿಗೆ ಪತ್ರ ಬರೆದರು. ಇದೆಲ್ಲ ಸಜ್ಜನಿಕೆಯೇ, ಸಂಶಯವಿಲ್ಲ. ಆದರೆ ಗುಲಾಮರ ಬಿಡುಗಡೆಗಾಗಿ ಹುಟ್ಟಿದ, ಫೀ ಕಟ್ಟಿದ, ಮೊದಲ ವರ್ಷ 96 ಕರಿಯರು ಓದಿದ ಆ ಕಟ್ಟಡ, ಆ ಹೊಲ, ಆ ಗ್ರಂಥಾಲಯ, ಆ ಹೆಸರು ಇವೆಲ್ಲ ಬಿಳಿಯರಿಗೆ ಉಳಿದವು. ಕರಿಯರಿಗೆ ರೈಲಿನ ಟಿಕೇಟು ಸಿಕ್ಕಿತು. ಆ ಹೊತ್ತಿಗೆ ಬಿಳಿಯ ವಿದ್ಯಾರ್ಥಿಗಳೇ ನಾಲ್ಕು ಪಟ್ಟಿಗೂ ಹೆಚ್ಚಿದ್ದರು, ದಾನಿಗಳು ಬೆಟ್ಟದ ಬಿಳಿಯರಿಗಾಗಿಯೇ ಕೊಡುತ್ತಿದ್ದರು. ಹಾಗಾಗಿ ಅದೇ ವ್ಯಾವಹಾರಿಕ ದಾರಿ ಎಂದು ಫ್ರಾಸ್ಟ್ ಪರವಾಗಿ ವಾದಿಸಬಹುದು. ಆದರೆ ಆ ಲೆಕ್ಕ ಹಾಗಾದದ್ದು ಹಿಂದಿನ ಹನ್ನೆರಡು ವರ್ಷಗಳ 'ಸಹಜ' ಬದಲಾವಣೆಯಿಂದ. 1892ರಲ್ಲಿ ಇದೇ ಕಾನೂನು ಬಂದಿದ್ದರೆ ಅಷ್ಟು ಸುಲಭವಾಗಿ ಉತ್ತರ ಸಿಗುತ್ತಿರಲಿಲ್ಲ.

ಕರಿಯರಿಗಾಗಿ ಬೇರೆ ಶಾಲೆ ಕಟ್ಟುವ ಪ್ರಯತ್ನ ಆರಂಭವಾಯಿತು. ಆಂಡ್ರ್ಯೂ ಕಾರ್ನೆಗಿ ಷರತ್ತಿನ ಮೇಲೆ ಎರಡು ಲಕ್ಷ ಡಾಲರ್ ಕೊಟ್ಟ. ಊರೂರು ಅಲೆದು ಹಣ ಕೂಡಿಸಿದವರಲ್ಲಿ ಬೆರಿಯಾದಲ್ಲೇ ಓದಿದ, ಅದರ ಆಡಳಿತ ಮಂಡಳಿಯಲ್ಲಿದ್ದ ಕರಿಯ ಪಾದ್ರಿ ಜೇಮ್ಸ್ ಬಾಂಡ್ ಮುಖ್ಯರು. ಜಾಗ ಹುಡುಕಿದಲ್ಲೆಲ್ಲ ಬಿಳಿಯ ನೆರೆಹೊರೆಯವರ ತಕರಾರು. ಬೇರೆ ಹೋಗಿ ಎಂದವರೇ ನಮ್ಮ ಹತ್ತಿರ ಬರಬೇಡಿ ಎಂದರು. ಕೊನೆಗೆ ಶೆಲ್ಬಿ ಕೌಂಟಿಯ ಸಿಂಪ್ಸನ್‌ವಿಲ್ ಬಳಿ 444 ಎಕರೆಯಲ್ಲಿ ಲಿಂಕನ್ ಇನ್‌ಸ್ಟಿಟ್ಯೂಟ್ 1912ರಲ್ಲಿ ತೆರೆಯಿತು. ಆದರೆ ಅದು ಕಾಲೇಜಲ್ಲ. ಪ್ರೌಢಶಾಲೆ, ಜೊತೆಗೆ ಕಸುಬಿನ ತರಬೇತಿ. ಬೆರಿಯಾದಲ್ಲಿ ಗ್ರೀಕ್ ಲ್ಯಾಟಿನ್ ಓದಿದವರ ಮಕ್ಕಳಿಗೆ ಬಡಗಿತನ, ಅಡುಗೆ. ಆದರೂ ಆ ಶಾಲೆಯನ್ನು ಕರಿಯ ಅಧ್ಯಾಪಕರು ತಮ್ಮದಾಗಿಸಿಕೊಂಡರು. ಹಿರಿಯ ವಿಟ್ನಿ ಯಂಗ್ ಅದರ ಮುಖ್ಯಸ್ಥರಾಗಿ ಸಾಲದಲ್ಲಿ ಮುಳುಗಿದ್ದ ಸಂಸ್ಥೆಯನ್ನು ಉಳಿಸಿದರು. ಅವರ ಮಗ, ಮುಂದೆ ಅಮೆರಿಕದ ನಾಗರಿಕ ಹಕ್ಕುಗಳ ಚಳವಳಿಯ ಪ್ರಮುಖ ನಾಯಕರಲ್ಲೊಬ್ಬರಾದ ವಿಟ್ನಿ ಯಂಗ್, 1921ರಲ್ಲಿ ಹುಟ್ಟಿದ್ದು ಆ ಆವರಣದಲ್ಲೇ.

ಬೆರಿಯಾ 46 ವರ್ಷ ಬಿಳಿಯರ ಕಾಲೇಜಾಗಿತ್ತು. ಒಳ್ಳೆಯ ಕಾಲೇಜೇ. 2002ರ ರಸಾಯನಶಾಸ್ತ್ರದ ನೊಬೆಲ್ ಪಡೆದ ಜಾನ್ ಫೆನ್ ಆ ಅವಧಿಯ ವಿದ್ಯಾರ್ಥಿ. ದೇವರು ಭೂಮಿಯ ಜನಗಳೆಲ್ಲರನ್ನೂ ಒಂದೇ ರಕ್ತದಿಂದ ಮಾಡಿದ ಎಂಬರ್ಥದ ಬೈಬಲಿನ ಮಾತು ಅದರ ಧ್ಯೇಯವಾಕ್ಯ. ಆ ವಾಕ್ಯವನ್ನು ಅಷ್ಟೂ ವರ್ಷ ಯಾರೂ ಅಳಿಸಲಿಲ್ಲ. ಅದರ ಕೆಳಗೆ ಕೂತವರೆಲ್ಲ ಒಂದೇ ಬಣ್ಣದವರು.

1950ರಲ್ಲಿ ಡೇ ಕಾನೂನಿಗೆ ತಿದ್ದುಪಡಿ ಬಂತು. ಕಾಲೇಜಿನ ಆಡಳಿತ ಮಂಡಳಿ ಬಯಸಿದರೆ, ಅಂಥದೇ ಪಾಠ ಕರಿಯರ ರಾಜ್ಯ ಕಾಲೇಜಿನಲ್ಲಿ ಸಿಗದಿದ್ದರೆ, ಕರಿಯರನ್ನು ಸೇರಿಸಿಕೊಳ್ಳಬಹುದು ಎಂಬಷ್ಟು ಮಾತ್ರ. ಅಷ್ಟು ಸಂದಿ ಸಿಕ್ಕೊಡನೆ ಬೆರಿಯಾ ಅದೇ ವರ್ಷ ಬಾಗಿಲು ತೆರೆಯಿತು. ಬಂದವರು ಬೆರಳೆಣಿಕೆಯಷ್ಟು. ಒಂದು ಸಲ ಕಳೆದುಹೋದ ನಂಬಿಕೆ ಕಾನೂನು ಬದಲಾದ ಮರುದಿನ ಮರಳಿ ಬರುವುದಿಲ್ಲ. 1965ರ ಮಾರ್ಚ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಸೆಲ್ಮಾದಿಂದ ಮಾಂಟ್‌ಗೊಮರಿಗೆ ನಡೆದಾಗ ಬೆರಿಯಾದ ಐವತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳೂ ಅಧ್ಯಾಪಕರೂ ಅಲ್ಲಿದ್ದರು. ಮರುವರ್ಷ, 1966ರಲ್ಲಿ, ಲಿಂಕನ್ ಇನ್‌ಸ್ಟಿಟ್ಯೂಟ್ ಮುಚ್ಚಿತು. ಎಲ್ಲರಿಗೂ ಎಲ್ಲ ಶಾಲೆಗಳೂ ತೆರೆದ ಮೇಲೆ ಅದರ ಅಗತ್ಯವಿಲ್ಲ ಎಂಬುದು ಕಾರಣ. ಸಂಭ್ರಮದ ಆ ದಿನಗಳಲ್ಲಿ ಕರಿಯ ಅಧ್ಯಾಪಕರು ಕಟ್ಟಿದ ಒಂದು ಮನೆ ಕಣ್ಮರೆಯಾದದ್ದನ್ನು ಹೆಚ್ಚು ಜನ ಗಮನಿಸಲಿಲ್ಲ.

ಇಂದು ಬೆರಿಯಾದಲ್ಲಿ ಸುಮಾರು ಒಂದೂವರೆ ಸಾವಿರ ವಿದ್ಯಾರ್ಥಿಗಳು. ಭಾಷೆ, ಇತಿಹಾಸ, ವಿಜ್ಞಾನ, ಕಲೆ ಎಲ್ಲವನ್ನೂ ಕೂಡಿಸಿ ಕಲಿಸುವ ಪುಟ್ಟ ಕಾಲೇಜು. ಬಡವರ ಮಕ್ಕಳಿಗೆ ಮಾತ್ರ ಪ್ರವೇಶ. ಹಣವಿದ್ದವರ ಮಗ ಎಷ್ಟು ಅಂಕ ತಂದರೂ ಸಾಮಾನ್ಯವಾಗಿ ಸೀಟಿಲ್ಲ. ವಾರಕ್ಕೆ ಕನಿಷ್ಠ ಹತ್ತು ಗಂಟೆ ದುಡಿಮೆ ಎಲ್ಲರಿಗೂ ಕಡ್ಡಾಯ. ಕೆಂಟಕಿಯಲ್ಲೇ ಹುಟ್ಟಿದ ಹೆಸರಾಂತ ಕಪ್ಪು ಲೇಖಕಿ ಬೆಲ್ ಹುಕ್ಸ್ ದೊಡ್ಡ ನಗರಗಳ ವಿಶ್ವವಿದ್ಯಾಲಯಗಳನ್ನು ಬಿಟ್ಟು 2004ರಲ್ಲಿ ಇಲ್ಲಿಗೆ ಕಲಿಸಲು ಬಂದರು, 2021ರಲ್ಲಿ ಈ ಊರಿನಲ್ಲೇ ಕೊನೆಯುಸಿರೆಳೆದರು.

ಜೇಮ್ಸ್ ಬಾಂಡ್ ಅವರ ಮಾತು ಅರ್ಧಕ್ಕೆ ನಿಂತಿತು. ಅವರು 1863ರಲ್ಲಿ ಗುಲಾಮ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವರು. ಮಗ ಹೊರೇಸ್ ಮ್ಯಾನ್ ಬಾಂಡ್ ಹುಟ್ಟಿದ್ದು ಸರಿಯಾಗಿ 1904ರಲ್ಲಿ. ತಂದೆ ಓದಿದ ಕಾಲೇಜಿಗೆ ಹೋಗುವ ಹಕ್ಕು ಅವನಿಗಿರಲಿಲ್ಲ. ಲಿಂಕನ್ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದ. ಮುಂದೆ ಇತಿಹಾಸಕಾರನೂ ವಿಶ್ವವಿದ್ಯಾಲಯವೊಂದರ ಅಧ್ಯಕ್ಷನೂ ಆಗಿ, 1954ರಲ್ಲಿ ಶಾಲೆಗಳ ವರ್ಣಭೇದವನ್ನು ತೊಡೆದ ಮೊಕದ್ದಮೆಗೆ ಚರಿತ್ರೆಯ ಆಧಾರಗಳನ್ನು ಒದಗಿಸಿದವರಲ್ಲಿ ಒಬ್ಬನಾದ. ಮೊಮ್ಮಗ ಜೂಲಿಯನ್ ಬಾಂಡ್ ನಾಗರಿಕ ಹಕ್ಕುಗಳ ನಾಯಕ, 2015ರಲ್ಲಿ ತೀರಿಕೊಂಡರು. ಭಾಷಣಗಳಲ್ಲಿ ಅವರು ಅಜ್ಜನ ಬಗ್ಗೆ ಹೇಳುತ್ತಿದ್ದ ಕಥೆಯೊಂದಿದೆ. ಹದಿನೈದು ವರ್ಷದ ಹುಡುಗ, ಓದುಬರಹ ಅಷ್ಟಕ್ಕಷ್ಟೇ. ಶುಲ್ಕ ಕೊಡಲು ಕೈಯಲ್ಲಿ ಕಾಸಿಲ್ಲ, ಇದ್ದದ್ದು ಒಂದು ಹೋರಿ. ಅದರ ಕೊರಳಿಗೆ ಹಗ್ಗ ಕಟ್ಟಿ, ಕೆಂಟಕಿಯ ನೂರು ಮೈಲಿ ನಡೆದು, ಹೋರಿಯ ಸಮೇತ ಬೆರಿಯಾದ ಬಾಗಿಲು ತಟ್ಟಿದ. ಅವರು ಅವನನ್ನು ಒಳಗೆ ಕರೆದುಕೊಂಡರು.